‘ಕೇಳಿದರೆ ಕೊಡುತ್ತೇವೆ’ ಅಂತ ಬರೆದರೆ ಸಾಕಾ? ಪೇಪರಿನ ಡೇಟಾ ಬಗ್ಗೆ ಸಲಹೆ ಬೇಕು

ಮಸಿಕುಡಿಕೆ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿದ್ದೇನೆ. ಮೊದಲ ಪೇಪರ್ ರಿವ್ಯೂ ಮುಗಿಸಿಕೊಂಡು ವಾಪಸ್ ಬಂದಿದೆ. ಕಾಮೆಂಟುಗಳೆಲ್ಲ ಸಣ್ಣಪುಟ್ಟವು, ಒಂದನ್ನು ಬಿಟ್ಟು. ಎರಡನೇ ರೆಫರಿ (ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವವರು) ಹೀಗೆ ಬರೆದಿದ್ದಾರೆ: "ಈ ಕೋಷ್ಟಕಗಳ ಹಿಂದಿನ ಡೇಟಾ ಎಲ್ಲೂ ಕಾಣುತ್ತಿಲ್ಲ. ಎಲ್ಲಿಟ್ಟಿದ್ದೀರಿ?"

ಎಲ್ಲಿ ಅಂದರೆ ನನ್ನ ಲ್ಯಾಪ್‌ಟಾಪಿನಲ್ಲಿ, ‘ಫೈನಲ್_ಹೊಸದು_3’ ಅನ್ನುವ ಫೋಲ್ಡರಿನಲ್ಲಿ. ದೀರ್ಘಕಾಲದ ಕಾಯಿಲೆಯೊಂದರ ಜೊತೆ ಬದುಕುತ್ತಿರುವ 143 ಜನರ ಸಮೀಕ್ಷೆ ಅದು. ಹುಟ್ಟಿದ ದಿನ, ಕೆಲಸ, ಕಾಯಿಲೆ ಗೊತ್ತಾದ ವರ್ಷ, ನಿದ್ದೆ, ನೋವು, ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದರ ತನಕ 52 ಪ್ರಶ್ನೆಗಳಿವೆ.

ಗೈಡ್ ಹತ್ತಿರ ಹೋದೆ. "ಎಲ್ಲರೂ ಬರೆಯೋ ಸಾಲು ಬರಿ. ‘ಸಕಾರಣವಿದ್ದು ಕೇಳಿದರೆ ಡೇಟಾ ಒದಗಿಸಲಾಗುವುದು’ ಅಂತ. ಯಾರೂ ಕೇಳಲ್ಲ" ಅಂದರು. ಲ್ಯಾಬಿನ ಸೀನಿಯರ್ ಒಬ್ಬರು "ಹೆಸರು ತೆಗೆದು ಝೆನೋಡೋಗೆ (ಡೇಟಾ ಇಡುವ ಆನ್‌ಲೈನ್ ಭಂಡಾರ) ಹಾಕು, ಹತ್ತು ನಿಮಿಷದ ಕೆಲಸ" ಅಂದರು. ಯಾರ ಮಾತು ಕೇಳಲಿ? ತಿದ್ದುಪಡಿಗೆ 6 ವಾರ ಟೈಮಿದೆ.

ಅಂಕಿಗೂಳಿ

ಎಲ್ಲರೂ ಬರೆಯುವ ಸಾಲು ಅದು, ನಿಮ್ಮ ಗೈಡ್ ಹೇಳಿದ್ದು ನಿಜ. ಆದರೆ ಆ ಸಾಲನ್ನು ನಂಬಿ ಕೇಳಿದವರ ಗತಿ ಏನಾಯಿತು ಅಂತಲೂ ನೋಡಿ. ಹಾಗೆ ಬರೆದಿದ್ದ 1,792 ಪೇಪರುಗಳ ಲೇಖಕರಿಗೆ ಒಂದು ತಂಡ ಮೇಲ್ ಹಾಕಿತು. 93% ಲೇಖಕರು ಒಂದೋ ಉತ್ತರವನ್ನೇ ಕೊಡಲಿಲ್ಲ, ಇಲ್ಲವೇ ಆಗಲ್ಲ ಅಂದರು. ಡೇಟಾ ಕೈಗೆ ಬಂದಿದ್ದು 122 ಪೇಪರುಗಳದ್ದು. ಇದು 2022ರಲ್ಲಿ ಪ್ರಕಟವಾಯಿತು.

ಇವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಡೇಟಾ ಕಳೆದುಹೋಗುತ್ತದೆ, ಅಷ್ಟೇ. 2014ರಲ್ಲಿ ಇನ್ನೊಂದು ತಂಡ ಹಳೆಯ 516 ಪೇಪರುಗಳ ಬೆನ್ನು ಹತ್ತಿತ್ತು. ಪೇಪರಿಗೆ ಒಂದೊಂದು ವರ್ಷ ವಯಸ್ಸಾದ ಹಾಗೂ ಅದರ ಡೇಟಾ ಉಳಿದಿರುವ ಸಾಧ್ಯತೆ 17% ಇಳಿಯುತ್ತಿತ್ತು. ಮೇಲ್ ವಿಳಾಸ ಸತ್ತಿರುತ್ತದೆ. ಇಲ್ಲವೇ ಡೇಟಾ ಇರುವ ಡಿಸ್ಕ್ ಓದುವ ಮೆಷಿನ್ನೇ ಈಗ ಇರುವುದಿಲ್ಲ. ನಿಮ್ಮ ‘ಫೈನಲ್_ಹೊಸದು_3’ ಇನ್ನು 10 ವರ್ಷಕ್ಕೆ ಎಲ್ಲಿರುತ್ತದೆ, ಹೇಳಿ ನೋಡೋಣ.

ಒಲ್ಲದಮೇಷ್ಟ್ರು

ನಾನೂ ಒಬ್ಬ ಗೈಡ್. ಬೈಸಿಕೊಳ್ಳುವವರ ಪರವಾಗಿ ನಾಲ್ಕು ಮಾತು.

ಡೇಟಾ ಸಂಗ್ರಹಕ್ಕೆ ನನ್ನ ವಿದ್ಯಾರ್ಥಿಗಳಿಗೆ ಎರಡು ಎರಡೂವರೆ ವರ್ಷ ಹಿಡಿಯುತ್ತದೆ. ಅದರಿಂದ ಮೂರು ಪೇಪರ್ ಬರಬೇಕು. ಮೊದಲನೆಯದರ ಜೊತೆಗೇ ಎಲ್ಲವನ್ನೂ ಬಯಲಿಗಿಟ್ಟರೆ ಉಳಿದ ಎರಡನ್ನು ಇನ್ಯಾರೋ ದೊಡ್ಡ ಲ್ಯಾಬಿನವರು ಎರಡು ವಾರದಲ್ಲಿ ಬರೆದು ಮುಗಿಸುತ್ತಾರೆ. ಉತ್ತಿದ್ದು ಬಿತ್ತಿದ್ದು ನಾವು, ಕೊಯ್ಯುವವರು ಅವರು.

ಇನ್ನೊಂದು ವಿಷಯ. ಕೇಳಿದರೆ ಕೊಡುವ ಪದ್ಧತಿ ಕೆಲಸ ಮಾಡುವುದಿಲ್ಲ ಅಂದವರು ಯಾರು? ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ ಅವರ, ದೇಶಗಳ ಸಾಲದ ಬಗೆಗಿನ ಪೇಪರಿನಲ್ಲಿ ತಪ್ಪು ಸಿಕ್ಕಿದ್ದು ಹೇಗೆ? ಥಾಮಸ್ ಹರ್ನ್‌ಡನ್ ಅನ್ನುವ ವಿದ್ಯಾರ್ಥಿ ಕೇಳಿದ, ಅವರು ಎಕ್ಸೆಲ್ ಫೈಲನ್ನು ಕೊಟ್ಟರು.

ಅಂಕಿಗೂಳಿ

ಮೇಷ್ಟ್ರೇ, ಒಳ್ಳೆಯ ಉದಾಹರಣೆ. ಕೊಟ್ಟವರ ದೊಡ್ಡತನವನ್ನು ಒಪ್ಪುತ್ತೇನೆ. ಆದರೆ ಕಾಲ ನೋಡಿ. ಪೇಪರ್ ಬಂದಿದ್ದು 2010ರಲ್ಲಿ. ದೇಶದ ಸಾಲ ಒಟ್ಟು ಉತ್ಪನ್ನದ 90% ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಮೈನಸ್ 0.1% ಆಗುತ್ತದೆ ಅಂತ ಅದರಲ್ಲಿತ್ತು. ಅದನ್ನು ಹಿಡಿದುಕೊಂಡು ಎಷ್ಟೋ ಕಡೆ ಸರ್ಕಾರಿ ಖರ್ಚಿಗೆ ಕತ್ತರಿ ಹಾಕಬೇಕು ಅಂತ ವಾದ ಮಾಡಿದರು. ಹರ್ನ್‌ಡನ್ ತಂಡದ ಲೆಕ್ಕ ಬಂದಿದ್ದು 2013ರಲ್ಲಿ. ಆ ಸರಾಸರಿ ಪ್ಲಸ್ 2.2% ಆಗಬೇಕಿತ್ತು. ನಡುವಿನ ಮೂರು ವರ್ಷ ಎಲ್ಲರೂ ತಪ್ಪು ಅಂಕಿಯನ್ನೇ ಉಲ್ಲೇಖಿಸುತ್ತಿದ್ದರು. ಮೊದಲ ದಿನದಿಂದಲೇ ಫೈಲ್ ಹೊರಗಿದ್ದಿದ್ದರೆ?

ಒಂದು ತಿದ್ದುಪಡಿ, ಯಾಕೆಂದರೆ ಈ ಕಥೆಯನ್ನು ಎಲ್ಲರೂ ಅರ್ಧ ಮಾತ್ರ ಹೇಳುತ್ತಾರೆ. ಎಕ್ಸೆಲ್ ಸೂತ್ರದಲ್ಲಿ 5 ದೇಶಗಳು ಬಿಟ್ಟುಹೋಗಿದ್ದು ನಿಜ, ಆದರೆ ಅದರಿಂದ ಆದ ವ್ಯತ್ಯಾಸ ಸಣ್ಣದು. ಯಾವ ವರ್ಷಗಳ ಅಂಕಿ ಬಿಟ್ಟರು, ಯಾವ ದೇಶಕ್ಕೆ ಎಷ್ಟು ತೂಕ ಕೊಟ್ಟರು ಅನ್ನುವುದರಿಂದಲೇ ಜಾಸ್ತಿ ಫರಕು ಬಿದ್ದಿದ್ದು. ಅದು ಪೇಪರ್ ಓದಿದರೆ ಗೊತ್ತಾಗುವುದಿಲ್ಲ, ಫೈಲ್ ತೆರೆದರೆ ಮಾತ್ರ ಗೊತ್ತಾಗುತ್ತದೆ.

ಜೇಡರಬಲೆ

ಎಕ್ಸೆಲ್ ಅಂದಕೂಡಲೇ ನಮ್ಮ ಜೀವಶಾಸ್ತ್ರದವರ ಮಾನ ಹೋದ ಕಥೆ ನೆನಪಾಯಿತು. ‘ಸೆಪ್ಟ್2’ ಅನ್ನುವ ಜೀನಿನ ಹೆಸರನ್ನು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಸೆಪ್ಟೆಂಬರ್ 2 ಮಾಡಿಬಿಡುತ್ತದೆ. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಹಾಕಿದ್ದ ಪೇಪರುಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪುಗಳಿವೆ ಅಂತ 2016ರಲ್ಲಿ ಎಣಿಸಿದರು. ಕೊನೆಗೆ 2020ರ ಹೊತ್ತಿಗೆ ಜೀನುಗಳ ಹೆಸರನ್ನೇ ಬದಲಿಸಿದರು. ಈಗ ಅದು ‘ಸೆಪ್ಟಿನ್2’. ಮನುಷ್ಯರ ಜೀನಿಗೆ ಮರುನಾಮಕರಣ ಮಾಡುವುದು ಎಕ್ಸೆಲ್ ಸರಿಮಾಡಿಸುವುದಕ್ಕಿಂತ ಸುಲಭವಾಯಿತು!

ನಿರ್ವಾಹಕ

ಎಕ್ಸೆಲ್ ಪುರಾಣಕ್ಕೆ ಬೇರೆ ಎಳೆ ಇದೆ. ದಯವಿಟ್ಟು ವಿಷಯಕ್ಕೆ ಬನ್ನಿ.

ಜೇಡರಬಲೆ

ಸರಿ, ವಿಷಯಕ್ಕೇ ಬಂದೆ. ಡೇಟಾ ಕೊಟ್ಟರೆ ನಮಗೇನು ಲಾಭ ಅನ್ನುವವರಿಗೆ ಇದು.

ಕೇಟ್ ಲಸ್ಕೋವ್ಸ್ಕಿ ಅನ್ನುವ ಸಂಶೋಧಕಿ ಜೇಡಗಳ ನಡವಳಿಕೆ ಬಗ್ಗೆ ಇನ್ನೊಬ್ಬರ ಜೊತೆ ಸೇರಿ ಪೇಪರ್ ಬರೆದಿದ್ದರು. ಅಳತೆಗಳು ಆ ಇನ್ನೊಬ್ಬರದ್ದು, ವಿಶ್ಲೇಷಣೆ ಇವರದ್ದು. ಫೈಲನ್ನು ಡ್ರೈಯಡ್ ಅನ್ನುವ ಮುಕ್ತ ಡೇಟಾ ಭಂಡಾರದಲ್ಲಿ ಇಟ್ಟಿದ್ದರು. ಕೆಲವು ವರ್ಷಗಳ ನಂತರ, ಅಂಕಿಗಳು ಯಾಕೋ ವಿಚಿತ್ರವಾಗಿವೆ ಅಂತ ಸುದ್ದಿ ಬಂತು. ಕೂತು ನೋಡಿದರೆ, ಬೇರೆ ಬೇರೆ ಜೇಡಗಳ ಹೆಸರಿನಲ್ಲಿ ಅವೇ ಅಂಕಿಗಳು, ದಶಾಂಶ ಸಮೇತ, ಮತ್ತೆ ಮತ್ತೆ ಬರುತ್ತಿದ್ದವು. 2020ರಲ್ಲಿ ತಮ್ಮ ಹೆಸರಿದ್ದ ಆ ಪೇಪರುಗಳನ್ನು ತಾವೇ ಮುಂದೆ ನಿಂತು ಹಿಂತೆಗೆಸಿದರು. ಹೇಗೆ ಪತ್ತೆ ಹಚ್ಚಿದೆ ಅಂತ ಬಹಿರಂಗವಾಗಿ ಬರೆದರು ಕೂಡ. ಅದರಿಂದ ಅವರ ಮೇಲಿನ ಗೌರವ ಹೆಚ್ಚಿತೇ ಹೊರತು ಕಡಿಮೆ ಆಗಲಿಲ್ಲ.

ಆ ಫೈಲ್ ಯಾರದ್ದೋ ಲ್ಯಾಪ್‌ಟಾಪಿನಲ್ಲೇ ಇದ್ದಿದ್ದರೆ ಇವತ್ತಿಗೂ ಆ ಜೇಡಗಳ ಮೇಲೆ ಹೊಸಬರು ಥೀಸಿಸ್ ಕಟ್ಟುತ್ತಿದ್ದರು. ಮಸಿಕುಡಿಕೆಯವರೇ, ಸುಮ್ನೆ ಹಾಕಿಬಿಡಿ.

ಹೊಸಬೆಳಕು22

ಹೌದು, ಹಾಕಿಬಿಡಿ. ಹೆಸರು, ಫೋನ್ ನಂಬರಿನ ಕಾಲಂ ಡಿಲೀಟ್ ಮಾಡಿದರೆ ಮುಗಿಯಿತು.

ಹಳೇಕಡತ

ಸ್ವಲ್ಪ ತಡೆಯಿರಿ. ಇಷ್ಟೊತ್ತು ಎಲ್ಲರೂ ಜೇಡದ ಬಗ್ಗೆ, ಸಾಲದ ಬಗ್ಗೆ ಮಾತಾಡಿದಿರಿ. ಇವರ ಹತ್ತಿರ ಇರುವುದು ಮನುಷ್ಯರು. ಜೇಡ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ.

ನಾನು ಗ್ರಂಥಾಲಯದಲ್ಲಿ ಸಂಶೋಧನಾ ಡೇಟಾ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಮಸಿಕುಡಿಕೆ, ಮೊದಲು ಒಂದು ಕೆಲಸ ಮಾಡಮ್ಮ. ಆ 143 ಜನ ಸಹಿ ಹಾಕಿದ ಒಪ್ಪಿಗೆ ಪತ್ರವನ್ನು ತೆಗೆದು, ಗುಟ್ಟು ಕಾಪಾಡುವ ಬಗ್ಗೆ ಏನು ಬರೆದಿದೆಯೋ ಅದನ್ನು ಇಲ್ಲಿ ಹಾಗೇ ಹಾಕು.

ಹೊಸಬೆಳಕು ಅವರೇ, ಹೆಸರು ತೆಗೆದರೆ ಮುಗಿಯಿತು ಅಂದಿರಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹಾಗೇ ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಯಾರ ಗುರುತೂ ಸಿಗುವುದಿಲ್ಲ ಅಂತ ಗವರ್ನರ್ ವಿಲಿಯಂ ವೆಲ್ಡ್ ಭರವಸೆ ಕೊಟ್ಟರು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಗವರ್ನರ್ ವಾಸವಿದ್ದ ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡರು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ಊರಿನಲ್ಲಿ 6 ಜನ. ಅದರಲ್ಲಿ ಗಂಡಸರು 3. ಅವರ ಅಂಚೆ ಪಿನ್ ಕೋಡಿನಲ್ಲಿ ಇದ್ದದ್ದು ಒಬ್ಬರೇ. ಗವರ್ನರ್ ದಾಖಲೆಯೇ ಸಿಕ್ಕಿಬಿಟ್ಟಿತು! ಹುಟ್ಟಿದ ದಿನ, ಲಿಂಗ, ಪಿನ್ ಕೋಡ್, ಈ ಮೂರೇ ಇದ್ದರೆ ಅಮೆರಿಕದ 87% ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದು ಅಂತ ಆಮೇಲೆ ಅವರು ಅಂದಾಜು ಮಾಡಿದರು.

ಮಸಿಕುಡಿಕೆ

ಅಕ್ಕ, ಪತ್ರ ಹುಡುಕಿದೆ. ಕೈಕಾಲು ತಣ್ಣಗಾಯಿತು. ಅದರಲ್ಲಿರುವುದು ಇಷ್ಟು:

"ನಿಮ್ಮ ಉತ್ತರಗಳನ್ನು ನಮ್ಮ ಸಂಶೋಧನಾ ತಂಡದವರು ಮಾತ್ರ ನೋಡುತ್ತಾರೆ. ಅಧ್ಯಯನ ಮುಗಿದ ಮೇಲೆ ಅವನ್ನು ನಾಶ ಮಾಡಲಾಗುತ್ತದೆ."

ಇದನ್ನು ನಾನು ಬರೆದಿದ್ದಲ್ಲ. ಲ್ಯಾಬಿನಲ್ಲಿ ಹಳೆಯ ನಮೂನೆ ಇತ್ತು, ಹೆಸರು ಬದಲಿಸಿ ಪ್ರಿಂಟ್ ತೆಗೆದಿದ್ದೆ. ಓದಿಯೂ ಇರಲಿಲ್ಲ ಅನಿಸುತ್ತದೆ.

ಒಲ್ಲದಮೇಷ್ಟ್ರು

ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತಲ್ಲ. ಗೌಪ್ಯತೆ ಕಾರಣದಿಂದ ಕೊಡಲಾಗದು ಅಂತ ಬರೆಯಲಿ.

ಹಳೇಕಡತ

ಬರೀ ಅಷ್ಟನ್ನೇ ಬರೆದರೆ ಸಾಲದು ಸರ್. ಗೌಪ್ಯತೆ ಅನ್ನುವ ಒಂದು ಪದದ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಜರ್ನಲ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಔಷಧಿಯನ್ನು ಕೋವಿಡ್‌ಗೆ ಕೊಡುವ ಬಗ್ಗೆ ಪೇಪರ್ ಬಂತು. 671 ಆಸ್ಪತ್ರೆಗಳ 96,032 ಕೋವಿಡ್ ರೋಗಿಗಳ ಡೇಟಾ ಅಂತ ಹೇಳಿಕೊಂಡಿದ್ದರು. ಸರ್ಜಿಸ್ಫಿಯರ್ ಅನ್ನುವ ಕಂಪನಿಯದ್ದು ಅದು. ಆಸ್ಟ್ರೇಲಿಯಾದ ಸಾವಿನ ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಜನ ಪ್ರಶ್ನೆ ಎತ್ತಿದರು. ಸ್ವತಂತ್ರ ಪರಿಶೀಲಕರು ಡೇಟಾ ಕೇಳಿದರೆ, ಗ್ರಾಹಕರ ಒಪ್ಪಂದ, ಗೌಪ್ಯತೆ ಅಂತ ಹೇಳಿ ಕಂಪನಿ ಕೊಡಲಿಲ್ಲ. ಎರಡು ವಾರದೊಳಗೆ, ಜೂನ್ 4ಕ್ಕೆ, ಪೇಪರ್ ಹಿಂದೆ ಹೋಯಿತು. ಅಷ್ಟರಲ್ಲಿ ಆ ಪೇಪರಿನಿಂದಾಗಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿಯೂ ಆಗಿತ್ತು.

ಹಾಗಾಗಿ ಏನು ಕೊಡಲಾಗದು, ಯಾಕೆ, ಅದರ ಬದಲು ಏನು ಕೊಡುತ್ತೇವೆ, ಉಳಿದದ್ದು ಬೇಕಾದವರು ಯಾರನ್ನು ಕೇಳಬೇಕು, ಇಷ್ಟೂ ಇರಬೇಕು. ‘ಯಾರನ್ನು’ ಅನ್ನುವಲ್ಲಿ ಲೇಖಕರ ಮೇಲ್ ಹಾಕಬಾರದು. ಎಥಿಕ್ಸ್ ಸಮಿತಿಯದ್ದೋ (ಸಂಶೋಧನೆಗೆ ನೈತಿಕ ಅನುಮತಿ ಕೊಡುವ ಸಮಿತಿ) ಡೇಟಾ ಭಂಡಾರದ್ದೋ ವಿಳಾಸ ಇರಲಿ. ವಿದ್ಯಾರ್ಥಿ ಹೋದ ಮೇಲೂ ಅದು ಅಲ್ಲೇ ಇರುತ್ತದೆ.

2016ರಲ್ಲಿ ಬಂದ ಫೇರ್ ತತ್ವಗಳನ್ನು ಜನ ಇಲ್ಲೇ ತಪ್ಪಾಗಿ ಓದುವುದು. ಡೇಟಾ ಹುಡುಕಿದರೆ ಸಿಗಬೇಕು, ಪಡೆಯುವ ದಾರಿ ಸ್ಪಷ್ಟವಾಗಿರಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮತ್ತೆ ಬಳಸಲು ಬರಬೇಕು ಅಂತ ಅದು ಹೇಳುತ್ತದೆ. ಬಾಗಿಲು ಹಾರುಹೊಡೆದಿರಬೇಕು ಅಂತ ಎಲ್ಲೂ ಹೇಳಿಲ್ಲ. ಬಾಗಿಲಿಗೆ ಬೀಗ ಇರಬಹುದು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಬೋರ್ಡ್ ಇರಬೇಕು, ಅಷ್ಟೇ. ಸಮಾಜ ವಿಜ್ಞಾನದ ಐಸಿಪಿಎಸ್‌ಆರ್ ಭಂಡಾರ 1962ರಿಂದ ಇದೆ. ಸೂಕ್ಷ್ಮ ಡೇಟಾವನ್ನು ಅವರು ಕರಾರು ಬರೆಸಿಕೊಂಡೇ ಕೊಡುತ್ತಾರೆ. ಝೆನೋಡೋದಲ್ಲೂ ವಿವರಣೆಯನ್ನು ಎಲ್ಲರಿಗೂ ತೋರಿಸಿ ಫೈಲಿಗೆ ತಡೆ ಹಾಕಬಹುದು. ಒಂದು ಎಚ್ಚರಿಕೆ ಮಾತ್ರ. ತಡೆಯಿಲ್ಲದೆ ಹಾಕಿದರೆ, ಡೌನ್‌ಲೋಡ್ ಮಾಡಿಕೊಂಡವರ ಹತ್ತಿರ ಹೋಗಿ ವಾಪಸ್ ಕೇಳಲಾಗುವುದಿಲ್ಲ.

ಈಗ ನಿನ್ನ ಕೆಲಸ ಮಸಿಕುಡಿಕೆ. ಎಥಿಕ್ಸ್ ಸಮಿತಿಗೆ ಇವತ್ತೇ ಬರೆ. ನಮೂನೆ ತಪ್ಪಿತ್ತು ಅಂತ ಒಪ್ಪಿಕೋ, ಜನರನ್ನು ಮತ್ತೆ ಕೇಳಲು ಅನುಮತಿ ಕೋರು. ಉತ್ತರ ಬರುವಷ್ಟರಲ್ಲಿ ಫೈಲ್ ತೆರೆದು, ವಯಸ್ಸು, ಲಿಂಗ, ಕೆಲಸ, ಕಾಯಿಲೆ ಗೊತ್ತಾದ ವರ್ಷ, ಈ ನಾಲ್ಕನ್ನೂ ಸೇರಿಸಿದಾಗ ಎಷ್ಟು ಜನ ತಮ್ಮಂಥವರು ಇನ್ನೊಬ್ಬರಿಲ್ಲದೆ ಒಂಟಿಯಾಗಿ ನಿಲ್ಲುತ್ತಾರೆ ಎಣಿಸು.

ಎರಡನೇ_ರೆಫರಿ

ಪ್ರಶ್ನೆ ಕೇಳಿದ್ದು ನಾನಲ್ಲ, ನನ್ನ ಹೆಸರು ಮಾತ್ರ ಹೀಗಿದೆ. ಮೂರು ದಿನದಲ್ಲಿ ರಿವ್ಯೂ ಮುಗಿಸಿ ದುಡ್ಡು ಕೇಳುವ ಜರ್ನಲ್‌ಗಳು ಡೇಟಾ ಎಲ್ಲಿ ಅಂತ ಕೇಳುವುದೇ ಇಲ್ಲ. ಕೇಳಿದ್ದಾರೆ ಅಂದರೆ ಜರ್ನಲ್ ಒಳ್ಳೆಯದು, ಖುಷಿಪಡಿ.

ಮಸಿಕುಡಿಕೆ

ಎಣಿಸಿದೆ. 143ರಲ್ಲಿ 118 ಜನ ಒಂಟಿ! ಹುಟ್ಟಿದ ದಿನವನ್ನು ವಯಸ್ಸು ಮಾಡಿದ ಮೇಲೂ ಇಷ್ಟು. ವಯಸ್ಸನ್ನು 10 ವರ್ಷದ ಗುಂಪು ಮಾಡಿ, ಕೆಲಸಗಳನ್ನು ಐದು ಬಗೆಗೆ ಇಳಿಸಿ, ಕಾಯಿಲೆ ಗೊತ್ತಾದ ವರ್ಷದ ಬದಲು ‘5 ವರ್ಷದೊಳಗೆ’, ‘5 ವರ್ಷಕ್ಕೂ ಹಿಂದೆ’ ಅಂತ ಮಾಡಿದರೆ 9ಕ್ಕೆ ಬಂತು. ಆ 9ರಲ್ಲಿ ಒಬ್ಬರು 81 ವರ್ಷದ ನಿವೃತ್ತ ಪೈಲಟ್. ಅವರನ್ನು ಯಾವ ಗುಂಪಿಗೆ ಹಾಕಿದರೂ ಎದ್ದು ಕಾಣುತ್ತಾರೆ.

ಇನ್ನೊಂದು ಮರ್ಯಾದೆಗೇಡಿನ ವಿಷಯ. ಎಣಿಸುವಾಗ ‘ಪ್ರ17_ಬಿ_ಹೊಸ’ ಅನ್ನುವ ಕಾಲಂ ಸಿಕ್ಕಿತು. ಏನದು ಅಂತ ನನಗೇ ನೆನಪಾಗಲಿಲ್ಲ. ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಒಂದು ಸಂಜೆ ಕೂತೆ.

ಹಳೇಕಡತ

ಒಂಟಿ ಸಾಲು ಉಳಿದರೆ ಕೆಲಸದ ಕಾಲಂ ಅನ್ನೇ ತೆಗೆ. ನಿನ್ನ ಫಲಿತಾಂಶಕ್ಕೆ ಅದು ಬೇಕಾಗಿಲ್ಲ ಅಲ್ವಾ? ಒಂದೊಂದು ಗುಂಪಿನಲ್ಲೂ ಕೊನೇಪಕ್ಷ 5 ಜನ ಇರಲಿ ಅಂತ ಗುರಿ ಇಟ್ಟುಕೋ.

ಕಾಲಂ ಮರೆತಿದ್ದಕ್ಕೆ ನಾಚಿಕೊಳ್ಳಬೇಡ. ನನ್ನದು ಇದಕ್ಕಿಂತ ಕಡೆ. ನನ್ನ ಎಂಫಿಲ್ ದಿನಗಳಲ್ಲಿ ವಯಸ್ಸು ಹೇಳದವರಿಗೆ 99 ಅಂತ ಹಾಕುತ್ತಿದ್ದೆ. ನಾಲ್ಕು ವರ್ಷದ ಮೇಲೆ ಒಬ್ಬ ಹುಡುಗ ಆ ಫೈಲ್ ಕೇಳಿದ. ಧಾರಾಳವಾಗಿ ಕೊಟ್ಟೆ. ಒಂದು ತಿಂಗಳು ಕೂತು ಲೆಕ್ಕ ಮಾಡಿ, "ಮೇಡಂ, ನಿಮ್ಮ ಸ್ಯಾಂಪಲ್‌ನಲ್ಲಿ 99 ವರ್ಷದವರು 23 ಜನ ಇದ್ದಾರೆ, ಇಷ್ಟೊಂದು ವಯಸ್ಸಾದವರನ್ನು ಎಲ್ಲಿ ಹುಡುಕಿದಿರಿ?" ಅಂತ ಬರೆದ. ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಫೈಲ್ ಕೊಟ್ಟಿದ್ದೆ, 99 ಅಂದರೆ ಏನು ಅಂತ ಕೊಟ್ಟಿರಲಿಲ್ಲ.

ಅವತ್ತಿನಿಂದ ರೀಡ್‌ಮಿ (ಡೇಟಾದ ಜೊತೆಗಿಡುವ ವಿವರಣೆ) ಇಲ್ಲದ ಫೈಲನ್ನು ನಾನು ಭಂಡಾರಕ್ಕೆ ಸೇರಿಸುವುದಿಲ್ಲ. ದೊಡ್ಡ ಶಾಸ್ತ್ರವೇನಲ್ಲ. ಒಂದೊಂದು ಕಾಲಂಗೂ ಒಂದು ಸಾಲು: ಏನು ಕೇಳಿದಿರಿ, ಯಾವ ಅಳತೆ, ಖಾಲಿ ಅಂದರೆ ಏನು, 0 ಅಂದರೆ ಏನು. ಎಷ್ಟು ಸಾಲುಗಳನ್ನು ಯಾಕೆ ಕೈಬಿಟ್ಟಿರಿ. ಬರೀ ಟೆಕ್ಸ್ಟ್ ಫೈಲ್ ಸಾಕು. ಡೇಟಾವನ್ನೂ ಸಿಎಸ್‌ವಿಯಲ್ಲಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಟೆಕ್ಸ್ಟ್ ಕೋಷ್ಟಕ) ಇಡು, ಯಾವ ಸಾಫ್ಟ್‌ವೇರ್ ಇದ್ದರೂ ತೆರೆಯುತ್ತದೆ.

ಒಲ್ಲದಮೇಷ್ಟ್ರು

ಒಪ್ಪಿದೆ ಮೇಡಂ. ಆದರೆ ನನ್ನ ಕೊಯ್ಲಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಜೇಡರಬಲೆ

ಮೇಷ್ಟ್ರೇ, ಅದಕ್ಕೆ ಎಂಬಾರ್ಗೋ ಇದೆ. ಫೈಲನ್ನು ಇವತ್ತೇ ಭಂಡಾರದಲ್ಲಿಟ್ಟು, ಇಂಥ ದಿನಾಂಕದವರೆಗೆ ತೆರೆಯಬೇಡಿ ಅಂತ ಹೇಳಬಹುದು. ಡಿಒಐ (ಫೈಲಿನ ಶಾಶ್ವತ ಗುರುತಿನ ಸಂಖ್ಯೆ) ಇವತ್ತೇ ಸಿಗುತ್ತದೆ, ದಿನಾಂಕ ಸಮೇತ. ಯಾರು ಮೊದಲು ಅನ್ನುವ ಜಗಳವೇ ಇರುವುದಿಲ್ಲ. ಪೇಪರಿಗೆ ನೇರವಾಗಿ ಬೇಕಾದ ಕಾಲಂಗಳನ್ನು ಮಾತ್ರ ಈಗ ಕೊಟ್ಟು, ಮಿಕ್ಕಿದ್ದನ್ನು ಮಿಕ್ಕ ಪೇಪರುಗಳ ಜೊತೆ ಕೊಡುವುದೂ ತಪ್ಪಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಶುರುವಾದಾಗ ಅದರಲ್ಲಿದ್ದಿದ್ದು 7 ಪ್ರೋಟೀನ್ ರಚನೆಗಳು. ಐವತ್ತು ವರ್ಷ ಜನ ತಮ್ಮ ತಮ್ಮ ರಚನೆಗಳನ್ನು ತಂದು ಹಾಕಿದರು. ಪ್ರೋಟೀನಿನ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ಅನ್ನುವ ಎಐ ಕಲಿತಿದ್ದು ಅದರಿಂದಲೇ. ಆಲ್ಫಾಫೋಲ್ಡ್ ಕಟ್ಟಿದವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಪಾಲು ಬಂತು.

ಒಲ್ಲದಮೇಷ್ಟ್ರು

ಬಹುಮಾನ ಹೋಗಿದ್ದು ರಚನೆ ತಂದು ಹಾಕಿದವರಿಗಲ್ಲ ಅನ್ನುವುದನ್ನೂ ಬರೆಯಿರಿ.

ಜೇಡರಬಲೆ

ಅದು ಮಾತ್ರ ನಿಜ. ಡೇಟಾ ತಯಾರಿಸಿದವರ ಹೆಸರನ್ನು ಪೇಪರಿನಂತೆಯೇ ಉಲ್ಲೇಖಿಸುವ ಅಭ್ಯಾಸ ಇನ್ನೂ ಬಂದಿಲ್ಲ. ಬಡ್ತಿ ಸಮಿತಿಗಳು ಎಣಿಸುವುದು ಪೇಪರ್ ಮಾತ್ರ. ಇದರಲ್ಲಿ ನಿಮ್ಮ ಸಿಟ್ಟಿಗೆ ನನ್ನ ಸಹಿಯೂ ಇದೆ.

ಮಸಿಕುಡಿಕೆ (ಐದು ವಾರದ ನಂತರ)

ಏನಾಯಿತು ಅಂತ ಹೇಳಲು ಬಂದೆ. ಎಥಿಕ್ಸ್ ಸಮಿತಿಯವರು ಬೈಯಲಿಲ್ಲ. ನಮೂನೆಯನ್ನು ಲ್ಯಾಬಿನಿಂದಲೇ ತೆಗೆಸಿದರು, ನಾಶ ಮಾಡುವುದನ್ನು ಸದ್ಯಕ್ಕೆ ತಡೆದರು, ಮತ್ತೆ ಕೇಳಲು ಅನುಮತಿ ಕೊಟ್ಟರು. 143 ಜನರಿಗೂ ಪತ್ರ ಬರೆದೆ. 94 ಜನ ಹೂಂ ಅಂದರು, 11 ಜನ ಬೇಡ ಅಂದರು, 38 ಜನರಿಂದ ಉತ್ತರವಿಲ್ಲ. ಉತ್ತರ ಬಾರದವರನ್ನೂ ‘ಬೇಡ’ ಅಂತಲೇ ಲೆಕ್ಕ ಹಾಕಿದೆ. ಗೈಡ್ ಮುಖ ಸಿಂಡರಿಸಿದರು, ಆಮೇಲೆ ಸುಮ್ಮನಾದರು.

ಒಬ್ಬರು ಫೋನ್ ಮಾಡಿದ್ದರು. "ಯಾರು ಬೇಕಾದರೂ ಕೇಳಿ ಪಡೆಯಬಹುದಾ?" ಅಂದರು. ಸಂಶೋಧಕರು ಕರಾರು ಬರೆದುಕೊಟ್ಟರೆ ಕೊಡುತ್ತಾರೆ ಅಂದೆ. "ನನ್ನ ಮಗನೂ ಇದೇ ಕಾಯಿಲೆ ಬಗ್ಗೆ ಸಂಶೋಧನೆ ಮಾಡುತ್ತಾನಮ್ಮ. ಅವನಿಗೆ ನನ್ನ ವಯಸ್ಸು ಗೊತ್ತು, ಯಾವಾಗ ಶುರುವಾಯಿತು ಅಂತ ಗೊತ್ತು. ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ ಅಂತ ಕೇಳಿದ್ದಿರಲ್ಲ, ಅದಕ್ಕೆ ನಾನು ನಿಜ ಹೇಳಿದ್ದೆ" ಅಂದರು.

ನಾನು ಇಷ್ಟು ದಿನ ಅಪರಿಚಿತರಿಗೆ ಹೆದರಿ ಗುಂಪು ಮಾಡುತ್ತಿದ್ದೆ. ಅರ್ಧ ಉತ್ತರ ಮೊದಲೇ ಗೊತ್ತಿರುವವರು ಮನೆಯಲ್ಲೇ ಇರುತ್ತಾರೆ ಅಂತ ಹೊಳೆದೇ ಇರಲಿಲ್ಲ. ಮನೆಯವರ ಬಗ್ಗೆ ಇದ್ದ 6 ಪ್ರಶ್ನೆಗಳನ್ನು ಹಂಚುವ ಫೈಲಿನಿಂದ ಪೂರ್ತಿ ತೆಗೆದೆ.

ಪೇಪರಿನಲ್ಲಿ ಈಗ ಇರುವ ಸಾಲು ಇದು: "ಭಾಗವಹಿಸಿದ 143 ಜನರಲ್ಲಿ ಒಪ್ಪಿಗೆ ಕೊಟ್ಟ 94 ಜನರ ಗುರುತು ತೆಗೆದ ಉತ್ತರಗಳು ಭಂಡಾರದಲ್ಲಿವೆ. ಕರಾರಿನ ಮೇಲೆ ಎಥಿಕ್ಸ್ ಸಮಿತಿಯ ಮೂಲಕ ಪಡೆಯಬಹುದು. ಪ್ರಶ್ನಾವಳಿ, ವಿಶ್ಲೇಷಣೆಯ ಕೋಡ್ ಮತ್ತು ಒಟ್ಟು ಕೋಷ್ಟಕಗಳು ಎಲ್ಲರಿಗೂ ಮುಕ್ತವಾಗಿವೆ. 94 ಜನರ ಮೇಲೆ ಮಾಡಿದ ಲೆಕ್ಕವನ್ನು ಅನುಬಂಧದಲ್ಲಿ ಕೊಟ್ಟಿದೆ." ನಿದ್ದೆಯ ಫಲಿತಾಂಶ 94ರಲ್ಲೂ ಹಾಗೇ ಇದೆ. ನೋವಿನದ್ದು ಸ್ವಲ್ಪ ದುರ್ಬಲವಾಯಿತು, ಅದನ್ನೂ ಬರೆದಿದ್ದೇನೆ. ರೆಫರಿ ಒಪ್ಪಿದರು.

ಹಳೇಕಡತ

ತುಂಬ ಚೆನ್ನಾಗಿ ಮಾಡಿದೆ. ಆ 6 ಪ್ರಶ್ನೆ ತೆಗೆದಿದ್ದನ್ನು ರೀಡ್‌ಮಿಯಲ್ಲಿ ಬರೆದಿದ್ದೀಯಾ? ಪ್ರಶ್ನಾವಳಿಯಲ್ಲಿ 52 ಇದ್ದು ಫೈಲಿನಲ್ಲಿ 46 ಇದ್ದರೆ ಯಾರೋ ಕಳೆದುಹೋಗಿದೆ ಅಂದುಕೊಳ್ಳುತ್ತಾರೆ.

ಮಸಿಕುಡಿಕೆ

ಬರೆದೆ ಅಕ್ಕ. ‘ಪ್ರ17_ಬಿ_ಹೊಸ’ ಏನು ಅಂತಲೂ ಬರೆದೆ. ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಅನ್ನುವ ಪ್ರಶ್ನೆ ಅದು. ನಮ್ಮಲ್ಲೂ ಎರಡು 99 ಇದ್ದವು.